ಸತ್ಯಕ್ಕೆ ಒಡೆಯರಿಲ್ಲ, ನಿಜ. ಆ ಸಾಲು ಬರೆದವರಿಗೆ ಹೆಸರಿತ್ತಲ್ಲ?

ಪ್ರಶ್ನೆ: ಹಲವು ವರ್ಷಗಳಿಂದ ನಾನು ಒಬ್ಬ ಗುರುಗಳ ಸತ್ಸಂಗಕ್ಕೆ ಹೋಗುತ್ತಿದ್ದೇನೆ, ಅವರಿಂದ ದೀಕ್ಷೆಯನ್ನೂ ಪಡೆದಿದ್ದೇನೆ. ತಮ್ಮ ಪುಸ್ತಕದ ಮುನ್ನುಡಿಯಲ್ಲಿ ಅವರು, ಇದೆಲ್ಲ ಧ್ಯಾನದಲ್ಲಿ ತಾನಾಗಿ ಇಳಿದುಬಂದದ್ದು ಎಂದು ಬರೆದಿದ್ದಾರೆ. ಈಚೆಗೆ ಹಳೆಯ ಪುಸ್ತಕದಂಗಡಿಯಲ್ಲಿ ಬೇರೆ ಲೇಖಕರ ಒಂದು ಪುಸ್ತಕ ಸಿಕ್ಕಿತು. ಗುರುಗಳ ಪುಸ್ತಕಕ್ಕಿಂತ ಎಷ್ಟೋ ವರ್ಷ ಹಿಂದಿನದು. ಓದುತ್ತಾ ಹೋದರೆ ಪುಟಗಟ್ಟಲೆ ಅದೇ ಮಾತು, ಅದೇ ದೃಷ್ಟಾಂತ. ಸತ್ಸಂಗದ ಹಿರಿಯರಲ್ಲಿ ಹೇಳಿಕೊಂಡೆ. "ಸತ್ಯಕ್ಕೆ ಯಾರೂ ಒಡೆಯರಲ್ಲ, ನಮ್ಮ ಋಷಿಗಳು ಹೆಸರು ಹಾಕಿಕೊಂಡಿದ್ದರೇನಮ್ಮಾ? ಕೃತಿಚೌರ್ಯ ಅನ್ನೋದೆಲ್ಲ ಪಾಶ್ಚಾತ್ಯರ ತಲೆಬಿಸಿ" ಅಂದರು. ನನಗೆ ಸಮಾಧಾನವಾಗಲಿಲ್ಲ. ಇದು ತಪ್ಪೇ? ತಪ್ಪಾದರೆ ನಾನೇನು ಮಾಡಬೇಕು? ಇಷ್ಟು ದಿನ ಮಾಡಿದ ಸಾಧನೆಯೆಲ್ಲ ಸುಳ್ಳೇ?

ಉತ್ತರ: ನಿಮ್ಮ ಗುರುಗಳ ಪುಸ್ತಕವನ್ನು ನಾನು ನೋಡಿಲ್ಲ. ಅವರ ಬಗ್ಗೆ ತೀರ್ಪು ಕೊಡುವುದು ನನ್ನಿಂದಾಗದು. ಆದರೆ ನಿಮ್ಮ ಕಸಿವಿಸಿಗೆ ಕಾರಣವಿದೆ, ಅದನ್ನು ಶ್ರದ್ಧೆಯ ಕೊರತೆ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ. ಧರ್ಮದ ಇತಿಹಾಸ ಓದುವವರಿಗೆ ಇಂಥ ಪ್ರಸಂಗಗಳು ಹೊಸವಲ್ಲ. ಅವುಗಳಲ್ಲಿ ಎರಡನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಹಿರಿಯರು ಎತ್ತಿದ ಆಕ್ಷೇಪಕ್ಕೆ ಆಮೇಲೆ ಬರೋಣ.

ಮೊದಲನೆಯದರ ಬೇರು ನಮ್ಮ ಪಂಜಾಬಿನಲ್ಲಿದೆ. ಬಿಯಾಸ್ ನದಿಯ ದಡದಲ್ಲಿ ರಾಧಾಸ್ವಾಮಿ ಪಂಥದ ದೊಡ್ಡ ಆಶ್ರಮವಿದೆ. ಸಾವನ್ ಸಿಂಗ್ ಅಲ್ಲಿ ಗುರುಗಳಾಗಿದ್ದಾಗ, 1930ರ ದಶಕದ ಆರಂಭದಲ್ಲಿ, ಜೂಲಿಯನ್ ಜಾನ್ಸನ್ ಎಂಬ ಅಮೆರಿಕದ ಶಸ್ತ್ರವೈದ್ಯರು ಬಂದು ಅಲ್ಲೇ ನೆಲೆಸಿದರು. ಹಿಂದೆ ಕ್ರೈಸ್ತ ಮಿಷನರಿಯಾಗಿದ್ದವರು. ಒಳಗಿನ ನಾದವನ್ನು ಆಲಿಸುವ ಆ ಪಂಥದ ಸಾಧನೆಯನ್ನು ಪಾಶ್ಚಾತ್ಯ ಓದುಗರಿಗೆ ತಿಳಿಸಲು ಇಂಗ್ಲಿಷಿನಲ್ಲಿ 'ದಿ ಪಾತ್ ಆಫ್ ದಿ ಮಾಸ್ಟರ್ಸ್' ಬರೆದರು. ಅದು ಹೊರಬಂದದ್ದು 1939ರಲ್ಲಿ. ತಾನು ಯಾರ ಶಿಷ್ಯ, ಯಾರಿಂದ ಕಲಿತೆ ಎಂಬುದನ್ನು ಜಾನ್ಸನ್ ಎಲ್ಲಿಯೂ ಮುಚ್ಚಿಡಲಿಲ್ಲ.

ಪಾಲ್ ಟ್ವಿಚೆಲ್ ಎಂಬ ಇನ್ನೊಬ್ಬ ಅಮೆರಿಕನ್ 1955ರಲ್ಲಿ ಕಿರ್ಪಾಲ್ ಸಿಂಗ್ ಅವರಿಂದ ದೀಕ್ಷೆ ಪಡೆದರು. ಕಿರ್ಪಾಲ್ ಸಿಂಗ್ ಕೂಡ ಸಾವನ್ ಸಿಂಗ್ ಅವರ ಶಿಷ್ಯರೇ. ಹತ್ತು ವರ್ಷ ಕಳೆದು, 1965ರಲ್ಲಿ, ಟ್ವಿಚೆಲ್ 'ಎಕನ್‌ಕಾರ್' ಎಂಬ ತಮ್ಮದೇ ಪಂಥವನ್ನು ಶುರುಮಾಡಿದರು. ಅದು ಅತಿ ಪ್ರಾಚೀನ ವಿದ್ಯೆ, ತಮಗೆ ಅದನ್ನು ಕೊಟ್ಟವರು ರೆಬಜಾರ್ ಟಾರ್ಜ್ ಎಂಬ, ನೂರಾರು ವರ್ಷ ವಯಸ್ಸಾದ ಟಿಬೆಟ್ಟಿನ ಗುರು ಎಂದು ಹೇಳಿದರು. ಮೊದಲು ಕಿರ್ಪಾಲ್ ಸಿಂಗ್ ಅವರ ಹೆಸರಿದ್ದ ಟ್ವಿಚೆಲ್ ಅವರದೇ ಬರಹಗಳು ಮುಂದೆ ಪುಸ್ತಕವಾಗಿ ಬಂದಾಗ ಆ ಜಾಗದಲ್ಲಿ ಬೇರೆ ಗುರುಗಳ ಹೆಸರುಗಳಿದ್ದವು. 'ದಿ ಫಾರ್ ಕಂಟ್ರಿ' ಎಂಬ ಪುಸ್ತಕದಲ್ಲಂತೂ ಜಾನ್ಸನ್ ಅವರ ವಾಕ್ಯಗಳು, ಪ್ಯಾರಾಗಳು ಹೆಚ್ಚು ಕಡಿಮೆ ಇದ್ದಹಾಗೇ ಬಂದಿವೆ. ಜಾನ್ಸನ್ ತಮ್ಮ ಮೇಜಿನ ಮುಂದೆ ಕೂತು ಬರೆದ ವಿವರಣೆ ಅಲ್ಲಿ ರೆಬಜಾರ್ ಟಾರ್ಜ್ ಅವರ ಬಾಯಿಂದ ಉಪದೇಶವಾಗಿ ಹೊರಡುತ್ತದೆ. ಜಾನ್ಸನ್ ಅವರ ಹೆಸರಿಲ್ಲ.

ಟ್ವಿಚೆಲ್ 1971ರಲ್ಲಿ ತೀರಿಕೊಂಡರು. ಕ್ಯಾಲಿಫೋರ್ನಿಯಾದ ಡೇವಿಡ್ ಕ್ರಿಸ್ಟೋಫರ್ ಲೇನ್ ಎಂಬ ವಿದ್ಯಾರ್ಥಿ ಕಾಲೇಜಿನ ಒಂದು ಪ್ರಬಂಧಕ್ಕೆಂದು ಶುರುಮಾಡಿದ ಹುಡುಕಾಟದಲ್ಲಿ ಎರಡು ಪುಸ್ತಕಗಳ ಸಾಲುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ. 1983ರ ಹೊತ್ತಿಗೆ ಅದು ಒಂದು ಪುಸ್ತಕವಾಯಿತು. ಆಗ ಪಂಥದ ಮುಖ್ಯಸ್ಥರಾಗಿದ್ದವರು ಹೆರಾಲ್ಡ್ ಕ್ಲೆಂಪ್. ಅವರು ಕೊಟ್ಟ ವಿವರಣೆ ಇದು: ಸತ್ಯದ ತುಣುಕುಗಳು ಎಲ್ಲೆಲ್ಲೋ ಚದುರಿಹೋಗಿದ್ದವು, ಟ್ವಿಚೆಲ್ ಅವನ್ನು ಒಟ್ಟುಗೂಡಿಸಿದ ಮಹಾ ಸಂಗ್ರಾಹಕ. ಆ ಪಂಥ ಇಂದಿಗೂ ಇದೆ, ಅನುಯಾಯಿಗಳು ರೆಬಜಾರ್ ಟಾರ್ಜ್ ನಿಜವಾದ ಗುರುವೆಂದೇ ನಂಬುತ್ತಾರೆ. ಅವರ ನಂಬಿಕೆಯನ್ನು ನಾನು ಅವಮಾನಿಸುವುದಿಲ್ಲ. ಆದರೆ ಸಂಗ್ರಾಹಕ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಸಂಗ್ರಹ ಮಾಡುವವರು ಯಾರಿಂದ ಏನನ್ನು ತಂದೆವು ಎಂದು ಹೇಳುತ್ತಾರೆ. ಇಲ್ಲಿ ಆದದ್ದು ಅದರ ತದ್ವಿರುದ್ಧ. ಮೂಲದ ಹೆಸರನ್ನು ಬಿಟ್ಟಿದ್ದಷ್ಟೇ ಅಲ್ಲ, ಆ ಜಾಗಕ್ಕೆ ಯಾರೂ ಹೋಗಿ ವಿಚಾರಿಸಲಾಗದ ಒಬ್ಬ ಗುರುವನ್ನು ತಂದು ಕೂರಿಸಲಾಯಿತು.

ಇಡೀ ವಿಷಯದ ಕೀಲು ನನ್ನ ಪ್ರಕಾರ ಇರುವುದು ಇಲ್ಲೇ. ನಷ್ಟವಾದದ್ದು ಜಾನ್ಸನ್ ಅವರಿಗೆ ಎಂದುಕೊಳ್ಳುತ್ತೇವೆ. ಅವರು 1939ರಲ್ಲೇ ಹೋಗಿಬಿಟ್ಟಿದ್ದರು, ಅವರಿಗೆ ಹಣವೂ ಬೇಕಿರಲಿಲ್ಲ, ಕೀರ್ತಿಯೂ ಬೇಕಿರಲಿಲ್ಲ. ನಷ್ಟವಾದದ್ದು ಓದುಗನಿಗೆ. 'ಇದು ಬಿಯಾಸಿನಲ್ಲಿ ನನ್ನಂಥವನೇ ಒಬ್ಬ ವೈದ್ಯ ತನ್ನ ಗುರುವಿನಿಂದ ಕೇಳಿ, ತನಗೆ ತಿಳಿದಷ್ಟು ಬರೆದದ್ದು' ಎಂದು ಗೊತ್ತಿದ್ದರೆ ಓದುಗ ಅದನ್ನು ತೂಗಿ ನೋಡುತ್ತಿದ್ದ, ಬಿಯಾಸಿಗೇ ಹೋಗಿ ಕೇಳುತ್ತಿದ್ದ, ಒಪ್ಪುತ್ತಿದ್ದ ಇಲ್ಲವೇ ಬಿಡುತ್ತಿದ್ದ. ಅದೇ ಮಾತು ಅಮರ ಗುರುವೊಬ್ಬನ ಬಾಯಿಂದ ಬಂತೆಂದರೆ ತೂಗುವ ಪ್ರಶ್ನೆಯೇ ಏಳುವುದಿಲ್ಲ, ಕೈಮುಗಿಯಬೇಕಷ್ಟೇ. ಹೆಸರು ಅಳಿಸಿದ್ದರಿಂದ ಹೇಳಿದವನ ಗದ್ದುಗೆ ಎತ್ತರವಾಯಿತು, ಕೇಳುವವನ ವಿವೇಚನೆಗೆ ಜಾಗ ಇಲ್ಲವಾಯಿತು. ಮೂಲ ಹೇಳದೆ ಎರವಲು ಪಡೆದ ಯಾವ ಧರ್ಮಬೋಧಕರ ವಿಷಯ ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಇದೊಂದನ್ನೇ: ಹೆಸರು ಬಿಟ್ಟಿದ್ದರಿಂದ ಅವರಿಗೆ ಸಿಕ್ಕ ಅಧಿಕಾರ ಯಾವುದು?

ಎರಡನೆಯ ಪ್ರಸಂಗ ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯದು. ಅದರ ಸ್ಥಾಪಕರಲ್ಲಿ ಒಬ್ಬರಾದ ಎಲೆನ್ ವೈಟ್ (1827–1915) ಅವರಿಗೆ ಹದಿಹರೆಯದಿಂದಲೇ ದೇವದರ್ಶನಗಳಾಗುತ್ತಿದ್ದವು ಎಂದು ಆ ಸಭೆ ನಂಬುತ್ತದೆ. ಆಕೆ ಶಾಲೆಗೆ ಹೋದದ್ದು ಬಹಳ ಕಡಿಮೆ, ಬರೆದದ್ದು ಮಾತ್ರ ಅಪಾರ. ಆಹಾರ, ಆರೋಗ್ಯದ ಬಗ್ಗೆ ಬರೆದಾಗ, ನನ್ನ ವಿಚಾರಗಳು ಪುಸ್ತಕಗಳಿಂದಾಗಲಿ ಬೇರೆಯವರ ಅಭಿಪ್ರಾಯದಿಂದಾಗಲಿ ಬಂದವಲ್ಲ ಎಂದು 1867ರಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಆದರೆ ಆ ಬರಹಗಳಿಗೂ ಅದೇ ಕಾಲದ ಆರೋಗ್ಯ ಸುಧಾರಕರ ಬರಹಗಳಿಗೂ ಇರುವ ನಂಟನ್ನು ರೊನಾಲ್ಡ್ ನಂಬರ್ಸ್ ಎಂಬ ಇತಿಹಾಸಕಾರರು 1976ರಲ್ಲಿ ಎತ್ತಿ ತೋರಿಸಿದರು. ನಂಬರ್ಸ್ ಹುಟ್ಟಿ ಬೆಳೆದದ್ದು ಆ ಸಭೆಯಲ್ಲೇ. ಕ್ಯಾಲಿಫೋರ್ನಿಯಾದ ವಾಲ್ಟರ್ ರೀ ಎಂಬ ಪಾದ್ರಿ ಆಕೆಯ ಇತರ ಗ್ರಂಥಗಳಲ್ಲೂ ಇಂಥ ಎರವಲುಗಳ ದೊಡ್ಡ ಪಟ್ಟಿ ಮಾಡಿದರು. 1980ರಲ್ಲಿ ಅವರ ಪಾದ್ರಿತನ ಹೋಯಿತು.

ಆ ಸಭೆಯನ್ನು ಹೊಗಳಬೇಕಾದ ಒಂದು ವಿಷಯವೂ ಇದೆ, ಅದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಗಲಾಟೆ ಎದ್ದ ಮೇಲೆ ಸಭೆಯೇ ಫ್ರೆಡ್ ವೆಲ್ಟ್‌ಮನ್ ಎಂಬ ವಿದ್ವಾಂಸರಿಗೆ ಸಂಶೋಧನೆಯ ಕೆಲಸ ಒಪ್ಪಿಸಿತು. ಯೇಸುವಿನ ಜೀವನದ ಬಗ್ಗೆ ಆಕೆ 1898ರಲ್ಲಿ ಪ್ರಕಟಿಸಿದ ಗ್ರಂಥದ 15 ಅಧ್ಯಾಯಗಳನ್ನು ಅವರು ವರ್ಷಗಟ್ಟಲೆ ಕೂತು ವಾಕ್ಯ ವಾಕ್ಯವಾಗಿ ಪರಿಶೀಲಿಸಿ, 1988ರಲ್ಲಿ ವರದಿ ಕೊಟ್ಟರು. ಸುಮಾರು ಶೇ. 31ರಷ್ಟು ವಾಕ್ಯಗಳಲ್ಲಿ ಬೇರೆ ಪುಸ್ತಕಗಳ ಅವಲಂಬನೆ ಕಾಣುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅದಕ್ಕೂ ಮುಂಚೆ, 1981ರಲ್ಲಿ, ಸಭೆ ನೇಮಿಸಿದ ವಕೀಲರೊಬ್ಬರು ಆ ಕಾಲದ ಕಾನೂನಿನ ಪ್ರಕಾರ ಇದು ಕೃತಿಚೌರ್ಯವಾಗುವುದಿಲ್ಲ ಎಂದು ಅಭಿಪ್ರಾಯ ಕೊಟ್ಟಿದ್ದರು. ಇರಬಹುದು. ಕೋರ್ಟಿನಲ್ಲಿ ಗೆಲ್ಲುವುದು ಬೇರೆ, ಭಕ್ತರಿಗೆ ಉತ್ತರ ಹೇಳುವುದು ಬೇರೆ. ಆಕೆಯ ಇನ್ನೊಂದು ದೊಡ್ಡ ಗ್ರಂಥದ ಮುನ್ನುಡಿಯಲ್ಲಂತೂ, ಇತಿಹಾಸಕಾರರ ಮಾತುಗಳನ್ನು ಕೆಲವು ಕಡೆ ಹೆಸರು ಹೇಳದೆ ಬಳಸಿದ್ದೇನೆ ಎಂದು ಆಕೆಯೇ ಬರೆದಿದ್ದಾರೆ. 1911ರ ಆವೃತ್ತಿಯಲ್ಲಿ ಉದ್ಧರಣೆಗಳಿಗೆ ಮೂಲಗಳನ್ನು ಸೇರಿಸಿದರು. ಅಂದರೆ ತಿದ್ದಿಕೊಳ್ಳುವ ದಾರಿ ಅವರಿಗೆ ಗೊತ್ತಿತ್ತು, ಸ್ವಲ್ಪ ದೂರ ನಡೆದೂ ಇದ್ದರು.

ನನ್ನನ್ನು ಹೆಚ್ಚು ಕಲಕಿದ್ದು ಇದರ ನಡುವಿನ ಇನ್ನೊಂದು ಸಂಗತಿ. ಆಕೆ ತೀರಿಕೊಂಡ ನಾಲ್ಕು ವರ್ಷಕ್ಕೆ, 1919ರಲ್ಲಿ, ಸಭೆಯ ಅಧ್ಯಕ್ಷರೂ ಉಪಾಧ್ಯಾಯರೂ ಒಂದೆಡೆ ಸೇರಿ ಈ ಎರವಲುಗಳ ಬಗ್ಗೆ ಮನಬಿಚ್ಚಿ ಮಾತಾಡಿದರು. ಅವರಲ್ಲಿ ಹಲವರು ಆಕೆಯ ಜೊತೆ ಕೆಲಸ ಮಾಡಿದವರು, ಆಕೆಯನ್ನು ಪ್ರೀತಿಸಿದವರು. ಜನಕ್ಕೆ ಇದನ್ನು ಹೇಗೆ ತಿಳಿಸುವುದು ಎಂದು ಚಿಂತಿಸಿದರು. ಕೊನೆಗೆ ತಿಳಿಸಲಿಲ್ಲ. ಆ ಮಾತುಕತೆಯ ನಡಾವಳಿ ದಫ್ತರಖಾನೆ ಸೇರಿತು, ಬೆಳಕಿಗೆ ಬಂದದ್ದು 1974ರಲ್ಲಿ, ಅಚ್ಚಾದದ್ದು 1979ರಲ್ಲಿ. ಅರವತ್ತು ವರ್ಷ! ಅಷ್ಟರಲ್ಲಿ, ಆಕೆಯ ಒಂದೊಂದು ಪದವೂ ನೇರ ದೇವರಿಂದ ಬಂದದ್ದೆಂದು ನಂಬಿ ಎರಡು ತಲೆಮಾರು ಬೆಳೆದಿತ್ತು. 1919ರಲ್ಲೇ ಹೇಳಿದ್ದರೆ ಒಂದು ಚರ್ಚೆಯಲ್ಲಿ ಮುಗಿಯುತ್ತಿದ್ದ ವಿಷಯ 1980ರ ಹೊತ್ತಿಗೆ ಎಷ್ಟೋ ಜನರ ನಂಬಿಕೆಯನ್ನೇ ಅಲ್ಲಾಡಿಸಿತು. ಸತ್ಸಂಗದಲ್ಲಿ ಯಾರಾದರೂ "ಈಗ ಯಾಕೆ ಕೆದಕುವುದು, ಜನರ ಶ್ರದ್ಧೆ ಹಾಳಾಗುತ್ತದೆ" ಎಂದರೆ ಅವರಿಗೆ ಈ ಕಥೆ ಹೇಳಿ. ಶ್ರದ್ಧೆಗೆ ಪೆಟ್ಟು ಬಿದ್ದದ್ದು ಕೆದಕಿದ್ದರಿಂದಲ್ಲ, ಹೂತಿಟ್ಟಿದ್ದರಿಂದ.

ಇನ್ನು ನಿಮ್ಮ ಹಿರಿಯರ ಮಾತು. ಮೂಲ ಹೇಳುವುದು ಪಾಶ್ಚಾತ್ಯರ ತಲೆಬಿಸಿಯೇ?

ಖಂಡಿತ ಅಲ್ಲ. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ಇದ್ದ ರಾಮಾನುಜರು ಶ್ರೀಭಾಷ್ಯವನ್ನು ಹೇಗೆ ಶುರುಮಾಡುತ್ತಾರೆ ನೋಡಿ. ಬೋಧಾಯನರು ಬ್ರಹ್ಮಸೂತ್ರಗಳಿಗೆ ವಿಸ್ತಾರವಾದ ವೃತ್ತಿ ಬರೆದರು, ಪೂರ್ವಾಚಾರ್ಯರು ಅದನ್ನು ಸಂಕ್ಷೇಪಿಸಿದರು, ಅವರ ಮತವನ್ನು ಅನುಸರಿಸಿ ಇಲ್ಲಿ ಸೂತ್ರಗಳ ಅರ್ಥ ಹೇಳಲಾಗುತ್ತದೆ. ಇಡೀ ಭಾಷ್ಯದ ಬಾಗಿಲಲ್ಲೇ ಈ ಮಾತಿದೆ. ಶಂಕರರ ಮಾಂಡೂಕ್ಯ ಕಾರಿಕಾ ಭಾಷ್ಯ ಮುಗಿಯುವುದು ಪರಮಗುರುವಿಗೆ, ಅಂದರೆ ಗುರುವಿನ ಗುರುವಿಗೆ, ಮಾಡಿದ ನಮಸ್ಕಾರದಿಂದ. ಬೌದ್ಧ ಸುತ್ತಗಳು ಶುರುವಾಗುವುದೇ 'ನಾನು ಹೀಗೆ ಕೇಳಿದ್ದೇನೆ' ಎಂದು. ಕೇಳಿದೆ ಎಂದೇ ಹೊರತು ಕಂಡುಕೊಂಡೆ ಎಂದಲ್ಲ. ಎಲ್ಲಿ, ಯಾವ ಸಂದರ್ಭದಲ್ಲಿ ಎಂಬುದೂ ಮುಂದಿನ ಸಾಲಿನಲ್ಲಿರುತ್ತದೆ. ಇಸ್ಲಾಮಿನಲ್ಲಿ ಒಂದು ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಹೇಳಬೇಕಾದರೆ ಇವರಿಗೆ ಇವರು ಹೇಳಿದರು, ಅವರಿಗೆ ಅವರು ಹೇಳಿದರು ಎಂಬ ಸರಣಿ ಬೇಕೇ ಬೇಕು, ಆ ಸರಣಿಯಲ್ಲಿ ಒಬ್ಬರು ನಂಬಲರ್ಹರಲ್ಲದಿದ್ದರೆ ಇಡೀ ಮಾತಿನ ತೂಕ ಇಳಿಯುತ್ತದೆ. ಒಂದು ಮಾತನ್ನು ಅದನ್ನು ಹೇಳಿದವರ ಹೆಸರಿನಲ್ಲೇ ಹೇಳುವವನು ಲೋಕಕ್ಕೆ ಬಿಡುಗಡೆ ತರುತ್ತಾನೆ ಎನ್ನುತ್ತಾರೆ ಯಹೂದಿ ಹಿರಿಯರು.

ನಮ್ಮ ವಚನಗಳನ್ನೇ ನೋಡಿ. ಅಲ್ಲಮ ತನ್ನ ಹೆಸರು ಹೇಳಿಕೊಳ್ಳುವುದಿಲ್ಲ, ಗುಹೇಶ್ವರಾ ಎನ್ನುತ್ತಾನೆ. ಅಕ್ಕ ಚೆನ್ನಮಲ್ಲಿಕಾರ್ಜುನ ಎನ್ನುತ್ತಾಳೆ. ತಾನು ಎಂಬುದನ್ನು ಹಿಂದಕ್ಕೆ ಸರಿಸಿಯೂ ಯಾರ ಮಾತು ಎಂಬುದು ಕಳೆದುಹೋಗದ ಹಾಗೆ ನೋಡಿಕೊಂಡ ಅಂಕಿತ ಅದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶೂನ್ಯಸಂಪಾದನೆಯನ್ನು ಜೋಡಿಸಿದಾಗ ಎಲ್ಲೆಲ್ಲಿಯದೋ ವಚನಗಳನ್ನು ತಂದು ಎದುರುಬದುರು ನಿಲ್ಲಿಸಿ ಸಂವಾದ ಕಟ್ಟಿದರು. ಆ ಜೋಡಣೆಯಲ್ಲಿ ಅಪಾರ ಪ್ರತಿಭೆಯಿದೆ. ಆದರೂ ಅಲ್ಲಮನ ವಚನ ಅಲ್ಲಮನದಾಗಿಯೇ ಉಳಿಯಿತು, ಅಕ್ಕನದು ಅಕ್ಕನದಾಗಿಯೇ. ಸಂಗ್ರಾಹಕ ಎಂದರೆ ಯಾರು ಎಂದು ಕೇಳಿದರೆ ನಾನು ತೋರಿಸುವುದು ಇವರನ್ನು.

ಅಂಕಿತ ನಮ್ಮವರಿಗೆ ಎಷ್ಟು ಮುಖ್ಯ ಎನ್ನುವುದಕ್ಕೆ ಈಚಿನ ಉದಾಹರಣೆಯೂ ಇದೆ. ಮಾತೆ ಮಹಾದೇವಿಯವರು ಬಸವಣ್ಣನವರ ವಚನಗಳಲ್ಲಿ ಕೂಡಲಸಂಗಮದೇವ ಎಂಬಲ್ಲಿ ಲಿಂಗದೇವ ಎಂದು ಅಚ್ಚು ಹಾಕಿಸಿದಾಗ ನಾಡಿನಲ್ಲಿ ದೊಡ್ಡ ವಿರೋಧ ಎದ್ದಿತು. 1998ರಲ್ಲಿ ರಾಜ್ಯ ಸರ್ಕಾರ ಆ ಪುಸ್ತಕವನ್ನು ನಿಷೇಧಿಸಿತು, ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ 2017ರಲ್ಲಿ ನಿಷೇಧವೇ ಉಳಿಯಿತು. ಪುಸ್ತಕ ನಿಷೇಧಿಸುವುದು ಸರಿಯಾದ ಮಾರ್ಗ ಎಂದು ನನಗನ್ನಿಸುವುದಿಲ್ಲ. ಅವರು ಬಸವಣ್ಣನವರ ಮಾತನ್ನು ತಮ್ಮದೆಂದೂ ಹೇಳಿಕೊಂಡವರಲ್ಲ. ಆದರೂ ಎಂಟು ನೂರು ವರ್ಷದ ಹಿಂದಿನ ಒಂದು ಅಂಕಿತಕ್ಕಾಗಿ ಇಷ್ಟು ಜನ ನೊಂದರಲ್ಲ, ಇದು ಪಾಶ್ಚಾತ್ಯರಿಂದ ಕಲಿತ ನೋವೇ?

ನಮ್ಮ ಋಷಿಗಳು ಹೆಸರು ಹಾಕಿಕೊಳ್ಳಲಿಲ್ಲ ಎನ್ನುವವರು ಒಂದನ್ನು ಮರೆಯುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ನಡೆದದ್ದು ಬೇರೆಯದೇ ಬಗೆಯ ಕೆಲಸ. ತಾವು ಬರೆದದ್ದನ್ನು ವ್ಯಾಸರ ಹೆಸರಿಗೋ ಶಂಕರರ ಹೆಸರಿಗೋ ಸೇರಿಸಿ ತಾವು ಮರೆಯಾದರು. ಅದರಿಂದಲೂ ತೊಂದರೆಯಾಗಿದೆ, ಯಾವುದು ಯಾರದೆಂದು ವಿಂಗಡಿಸುವುದರಲ್ಲಿ ವಿದ್ವಾಂಸರ ಆಯುಷ್ಯ ಕಳೆದಿದೆ. ಆದರೆ ಅಲ್ಲಿ ಬರೆದವನಿಗೆ ಪೀಠವೂ ಸಿಗಲಿಲ್ಲ, ಪಾದಪೂಜೆಯೂ ಸಿಗಲಿಲ್ಲ. ಹಿರಿಯರ ಮಾತನ್ನು ತನ್ನ ಹೆಸರಿಗೆ ಹಚ್ಚಿಕೊಂಡು, ಅದರ ಬಲದ ಮೇಲೆ ಶಿಷ್ಯರನ್ನು ಕೂಡಿಸುವವರು ಋಷಿಗಳ ಅನಾಮಿಕತೆಯನ್ನು ತಮ್ಮ ಪರವಾಗಿ ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ.

ಹಾಗೆಂದು ಎಲ್ಲ ಎರವಲನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಪ್ರವಚನದ ಓಘದಲ್ಲಿ ಪ್ರತಿ ಸಾಲಿಗೂ ಮೂಲ ಹೇಳುತ್ತಾ ಕೂರಲು ಯಾರಿಗೂ ಆಗುವುದಿಲ್ಲ. ಕೀರ್ತನಕಾರರು ಗುರುವಿನಿಂದ ಕಲಿತ ಉಪಕಥೆಯನ್ನು ತಮ್ಮದೇ ಧಾಟಿಯಲ್ಲಿ ಹೇಳುತ್ತಾರೆ. ಕೇಳುವವರಿಗೂ ಅದು ಪರಂಪರೆಯದೆಂದು ಗೊತ್ತಿರುತ್ತದೆ, ಅಲ್ಲಿ ಯಾರೂ ಮೋಸ ಹೋಗುವುದಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಬೆಳೆದ ಕಪ್ಪು ಜನರ ಚರ್ಚುಗಳಲ್ಲೂ ಬೋಧಕರು ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಂಡು ಬೆಳೆಸುವುದು ರೂಢಿ. 1963ರ ಅವರ ಪ್ರಸಿದ್ಧ ಭಾಷಣದ ಕೊನೆಯ ಭಾಗ, ಆರ್ಚಿಬಾಲ್ಡ್ ಕ್ಯಾರಿ ಎಂಬ ಇನ್ನೊಬ್ಬ ಬೋಧಕರು 1952ರಲ್ಲಿ ಆಡಿದ ಮಾತನ್ನು ನೆನಪಿಗೆ ತರುತ್ತದೆ. ಅದನ್ನು ನಾನು ಕಳ್ಳತನ ಎನ್ನಲಾರೆ. ಆದರೆ ಅವರ ಪಿಎಚ್‌ಡಿ ಪ್ರಬಂಧದ ಮಾತು ಬೇರೆ. ಅದರಲ್ಲಿ ಬೇರೆಯವರ ಬರಹವನ್ನು ಮೂಲ ಹೇಳದೆ ಬಳಸಿದ್ದು ಬಾಸ್ಟನ್ ವಿಶ್ವವಿದ್ಯಾಲಯದ ಸಮಿತಿಯ ವಿಚಾರಣೆಯಲ್ಲಿ ಖಚಿತವಾಯಿತು. 1991ರಲ್ಲಿ ಸಮಿತಿ ಆ ತಪ್ಪನ್ನು ದಾಖಲಿಸಿತು, ಪದವಿಯನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ. ಅದನ್ನು ಮೊದಲು ಪತ್ತೆಹಚ್ಚಿದವರು ಯಾರು ಗೊತ್ತೇ? ಅವರ ಬರಹಗಳನ್ನು ಸಂಪಾದಿಸುತ್ತಿದ್ದ, ಅವರ ಮೇಲೆ ಗೌರವವಿದ್ದ ವಿದ್ವಾಂಸರೇ. ಹೇಳಿದರು, ಕಿಂಗ್ ಅವರ ದೊಡ್ಡತನ ಅದರಿಂದ ಕುಸಿಯಲಿಲ್ಲ.

ನಿಮ್ಮ ಗುರುಗಳ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಆ ಮುನ್ನುಡಿ. 'ಹಿರಿಯರಿಂದ ಕೇಳಿದ್ದನ್ನು ಹೇಳುತ್ತಿದ್ದೇನೆ' ಎಂದಿದ್ದರೆ ಹೆಸರು ಬಿಟ್ಟದ್ದು ಅಜಾಗರೂಕತೆ ಎಂದು ಸುಮ್ಮನಿರಬಹುದಿತ್ತು. 'ಧ್ಯಾನದಲ್ಲಿ ಇಳಿದುಬಂತು' ಎಂದು ಬರೆದ ಮೇಲೆ ಅದು ಅಜಾಗರೂಕತೆಯಾಗಿ ಉಳಿಯುವುದಿಲ್ಲ.

ಆದರೂ ಏನನ್ನೂ ಹೇಳುವ ಮುಂಚೆ ನೀವೇ ಒಮ್ಮೆ ಸರಿಯಾಗಿ ಹೋಲಿಸಿ ನೋಡಿ. ವಿಚಾರ ಒಂದೇ ಆಗಿದ್ದರೆ ಅದು ಸಾಕ್ಷಿಯಲ್ಲ. ದೇಹ ನಶ್ವರ, ಅಹಂಕಾರ ಬಿಡು ಎಂಬುದನ್ನು ಸಾವಿರ ಜನ ಹೇಳಿದ್ದಾರೆ. ಇಬ್ಬರೂ ಗೀತೆಯನ್ನೋ ಉಪನಿಷತ್ತನ್ನೋ ಓದಿದ್ದರೆ ಕೆಲವು ಮಾತು ತಾನಾಗಿ ಹೋಲುತ್ತದೆ. ನೋಡಬೇಕಾದ್ದು ವಾಕ್ಯದ ನಡಿಗೆಯನ್ನು, ದೃಷ್ಟಾಂತಗಳು ಬರುವ ಕ್ರಮವನ್ನು. ಎಲ್ಲಕ್ಕಿಂತ ಮುಖ್ಯವಾಗಿ ತಪ್ಪುಗಳನ್ನು. ಓಲೆಗರಿ ಪ್ರತಿಗಳನ್ನು ಹೋಲಿಸುವ ಗ್ರಂಥಸಂಪಾದಕರು ಬಹಳ ಕಾಲದಿಂದ ನೆಚ್ಚಿಕೊಂಡ ಸೂತ್ರ ಇದು: ಸರಿಯಾದ ಪಾಠ ಎರಡು ಪ್ರತಿಗಳಿಗೆ ಎಲ್ಲಿಂದಲಾದರೂ ಬರಬಹುದು, ಒಂದೇ ತಪ್ಪು ಎರಡರಲ್ಲೂ ಇದ್ದರೆ ಒಂದು ಇನ್ನೊಂದನ್ನು ನೋಡಿದೆ, ಇಲ್ಲವೇ ಎರಡಕ್ಕೂ ಮೂಲ ಒಂದೇ. ಹಳೆಯ ಲೇಖಕ ಶ್ಲೋಕವೊಂದನ್ನು ತಪ್ಪು ಉಪನಿಷತ್ತಿನ ಹೆಸರಿಗೆ ಹಾಕಿದ್ದು, ಒಂದು ಪದವನ್ನು ವಿಚಿತ್ರವಾಗಿ ಅನುವಾದಿಸಿದ್ದು ನಿಮ್ಮ ಗುರುಗಳ ಪುಸ್ತಕದಲ್ಲೂ ಹಾಗೇ ಬಂದಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ಇಬ್ಬರೂ ಮೂರನೆಯವರಿಂದ ಪಡೆದಿರುವ ಸಾಧ್ಯತೆಯನ್ನೂ ಮರೆಯಬೇಡಿ. ಪ್ರಕಟವಾದ ವರ್ಷ ನೋಡುವಾಗ ಮರುಮುದ್ರಣದ ವರ್ಷವನ್ನಲ್ಲ, ಮೊದಲ ಮುದ್ರಣದ ವರ್ಷವನ್ನೇ ನೋಡಿ. ಗುರುಗಳ ಪ್ರವಚನವನ್ನು ಶಿಷ್ಯರು ಬರೆದುಕೊಂಡು ಪುಸ್ತಕ ಮಾಡಿದ್ದರೆ ಅವರು ಬಾಯಲ್ಲಿ ಹೇಳಿದ ಹೆಸರನ್ನು ಶಿಷ್ಯರು ಬಿಟ್ಟಿರಲೂಬಹುದು. ಹಳೆಯ ಧ್ವನಿಮುದ್ರಣಗಳಿದ್ದರೆ ಕೇಳಿ.

ಆಮೇಲೆ, ಸಾಧ್ಯವಾದರೆ ಗುರುಗಳನ್ನೇ ಕೇಳಿ. ತುಂಬಿದ ಸಭೆಯಲ್ಲಿ ಬೇಡ. ಬಿಡುವಿನಲ್ಲಿ, ಎರಡೂ ಪುಸ್ತಕಗಳನ್ನು ಮುಂದಿಟ್ಟು, "ಇವರ ಪುಸ್ತಕ ನಿಮಗೆ ಪರಿಚಯವೇ? ಮುಂದಿನ ಮುದ್ರಣದಲ್ಲಿ ಇವರ ಹೆಸರು ಸೇರಿಸಬಹುದೇ?" ಎಂದಷ್ಟೇ ಕೇಳಿ. ಅವರಿಗೆ ಗೌರವದಿಂದ ಸರಿಪಡಿಸಿಕೊಳ್ಳಲು ಇದರಿಂದ ದಾರಿ ಸಿಗುತ್ತದೆ. "ಹೌದಮ್ಮಾ, ಅವರನ್ನು ಓದಿ ಬೆಳೆದವನು ನಾನು, ಹೇಳಬೇಕಿತ್ತು" ಎಂದು ಬಂದರೆ ಅವರಲ್ಲಿ ನಿಮ್ಮ ವಿಶ್ವಾಸ ಉಳಿಯಲು ಕಾರಣ ಸಿಕ್ಕಿತು. ಸಿಟ್ಟು ಬಂದರೆ, ನಿಮ್ಮನ್ನೇ ಅಪರಾಧಿಯಂತೆ ಕಂಡರೆ, ಮಾರನೆಯ ವಾರದಿಂದ ಉಳಿದ ಸತ್ಸಂಗಿಗಳು ನಿಮ್ಮೊಡನೆ ಮಾತು ಬಿಟ್ಟರೆ, ಪುಸ್ತಕಕ್ಕಿಂತ ದೊಡ್ಡ ವಿಷಯವೊಂದು ನಿಮಗೆ ತಿಳಿಯಿತು ಎಂದುಕೊಳ್ಳಿ. ಅಂಥ ಕಡೆ ಹಣ, ಆಸ್ತಿ, ಮಕ್ಕಳ ಮದುವೆ ಮುಂತಾದ ವಿಷಯಗಳಲ್ಲೂ ಗುರುಗಳ ಮಾತೇ ಕೊನೆಯ ಮಾತಾಗಿದ್ದರೆ ಇನ್ನೂ ಎಚ್ಚರ ಬೇಕು.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಸಾಧನೆ ನೀವು ಮಾಡಿದ್ದು. ಬೆಳಗಿನ ಜಾವ ಎದ್ದು ಕೂತವರು ನೀವು, ಅದರಿಂದ ಕೋಪ ಕಡಿಮೆಯಾಗಿದ್ದರೆ ನಿಮ್ಮದೇ ಕಡಿಮೆಯಾಗಿದೆ. ಗುರುಗಳು ಹೆಸರು ಹೇಳಲಿಲ್ಲ ಎಂದ ಮಾತ್ರಕ್ಕೆ ಅದು ಹಿಂದಕ್ಕೆ ಹೋಗುವುದಿಲ್ಲ. ಬಿದ್ದುಹೋಗುವುದು 'ಇದು ನನಗೊಬ್ಬನಿಗೇ ಇಳಿದುಬಂತು' ಎಂಬ ಅವರ ಹಕ್ಕು, ಆ ಹಕ್ಕಿನ ಮೇಲೆ ನಿಂತ ಆಜ್ಞೆಗಳು. ಜಪ, ಧ್ಯಾನ ಒಗ್ಗಿದ್ದರೆ ಮುಂದುವರಿಸಿ. ಅದು ಮೂಲದಲ್ಲಿ ಯಾವ ಪರಂಪರೆಯದು, ಅಲ್ಲಿ ಅದನ್ನು ಹೇಗೆ ಕಲಿಸುತ್ತಾರೆ, ಯಾವ ಎಚ್ಚರಿಕೆಗಳನ್ನು ಹೇಳುತ್ತಾರೆ ಎಂದು ಆ ಹಳೆಯ ಲೇಖಕರ ಉಳಿದ ಬರಹಗಳನ್ನೂ, ಅವರು ಹೆಸರಿಸುವ ಗುರುಗಳನ್ನೂ ಹುಡುಕಿ ಓದಿ. ಎರವಲು ಪಡೆದವರು ಎಷ್ಟೋ ಸಲ ಆಕರ್ಷಕವಾದದ್ದನ್ನು ತೆಗೆದುಕೊಂಡು ಕಷ್ಟದ ನಿಯಮಗಳನ್ನು ಅಲ್ಲೇ ಬಿಟ್ಟಿರುತ್ತಾರೆ. ನಿಮಗೆ ಈವರೆಗೆ ಸಿಗದಿದ್ದ ಭಾಗ ಅದೇ ಇರಬಹುದು.